ಆರುನೂರರ ಜೋಡಿ

ಬೆಂಗಳೂರಿನ ಮಧ್ಯಮವರ್ಗದ, ನಲವತ್ತರ ಆಸುಪಾಸಿನ, ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವ ಉದ್ಯೋಗಿಗಳ ನಡುವೆ ಈಚಿನ ವರ್ಷಗಳಲ್ಲಿ ಕಾಣಿಸಿಕೊಂಡಿರುವ ‘ಬ್ರೆವೆ ಸವಾರ’ನನ್ನು ಗುರುತಿಸುವುದು ಕಷ್ಟದ ಕೆಲಸವಲ್ಲ. ಮದುವೆಮನೆಯಲ್ಲಿ ಪಂಚೆ ಎತ್ತಿ ಕಟ್ಟಿದಾಗ ಆತನ ಕಾಲು ಮೊಣಕಾಲಿನ ಮೇಲೆ ಗೆರೆ ಎಳೆದ ಹಾಗೆ ಎರಡು ಬಣ್ಣವಾಗಿ ಕಾಣುತ್ತದೆ. ಸೋಮವಾರದ ಬೆಳಿಗ್ಗೆ ಕಚೇರಿಯ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿಯುತ್ತಾನೆ. ಕುರ್ಚಿಯಲ್ಲಿ ಕೂರುವ ಮುನ್ನ ಒಂದು ಕ್ಷಣ ಆಲೋಚಿಸುತ್ತಾನೆ. ಮಾವನ ಮನೆ ಎಷ್ಟು ದೂರವೆಂದು ಯಾರಾದರೂ ಕೇಳಿದರೆ, ದೂರದ ಜೊತೆಗೆ ದಾರಿಯಲ್ಲಿ ಒಟ್ಟು ಎಷ್ಟು ಮೀಟರ್ ಏರು ಇದೆಯೆಂಬುದನ್ನೂ ಕೇಳದೆಯೇ ತಿಳಿಸುತ್ತಾನೆ. ಆತ ಒಬ್ಬನೇ ಇರುವುದು ಅಪರೂಪ. ಈ ಜಾತಿಯ ಸವಾರರು ಸಾಮಾನ್ಯವಾಗಿ ಜೋಡಿಯಾಗಿಯೇ ಸಿಗುತ್ತಾರಾದ್ದರಿಂದ ಒಬ್ಬನ ಚಿತ್ರ ಬರೆಯಹೊರಟವರು ಇಬ್ಬರ ಚಿತ್ರವನ್ನೂ ಬರೆಯಬೇಕಾಗುತ್ತದೆ.

ಬ್ರೆವೆ ಎಂದರೆ ಗೊತ್ತುಪಡಿಸಿದ ದೂರವನ್ನು ಗೊತ್ತುಪಡಿಸಿದ ಕಾಲದೊಳಗೆ, ಹೊರಗಿನವರ ನೆರವಿಲ್ಲದೆ ಸೈಕಲ್ ತುಳಿದು ಮುಗಿಸುವ ಸವಾರಿ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಗಳ ಗಡುವಿದ್ದು, ಈ ನಾಲ್ಕನ್ನೂ ನವೆಂಬರಿನಿಂದ ಅಕ್ಟೋಬರಿನವರೆಗಿನ ಒಂದೇ ಋತುವಿನಲ್ಲಿ ಮುಗಿಸಿದವನು ‘ಸೂಪರ್ ರ‍್ಯಾಂಡನೂರ್’, ಸವಾರರ ಬಾಯಲ್ಲಿ ‘ಎಸ್‌ಆರ್’, ಎನಿಸಿಕೊಳ್ಳುತ್ತಾನೆ. 1897ರಲ್ಲಿ ಇಟಲಿಯ ಕೆಲವು ಸವಾರರು ರೋಮಿನಿಂದ ನೇಪಲ್ಸಿನವರೆಗಿನ ಸುಮಾರು 230 ಕಿಲೋಮೀಟರನ್ನು ಸೂರ್ಯ ಹುಟ್ಟಿ ಮುಳುಗುವುದರೊಳಗೆ ತುಳಿಯಹೊರಟದ್ದು ಈ ಪದ್ಧತಿಯ ಮೂಲ. 1904ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಕ್ಲಬ್ಬೊಂದು 1921ರಿಂದ ಬ್ರೆವೆಗಳನ್ನು ಈಗಿನ ರೂಪದಲ್ಲಿ ನಡೆಸತೊಡಗಿತು. ಇಂದಿಗೂ ನೆಲಮಂಗಲದ ಟೋಲ್ ದಾಟಿ ಬಂದವನ ಸವಾರಿಗೆ ಮಾನ್ಯತೆಯ ಸಂಖ್ಯೆ ಬರುವುದು ಪ್ಯಾರಿಸ್ಸಿನಿಂದಲೇ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ, 1200 ಕಿಲೋಮೀಟರಿಗೆ 90 ಗಂಟೆಯ ಮಿತಿಯಿರುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಯು ಇವರ ಕಾಶಿ. ಅಲ್ಲಿಗೆ ಹೋಗಿ ಬಂದವರನ್ನು ಉಳಿದವರು ನೋಡುವ ರೀತಿಯಲ್ಲಿ ಗಂಗಾಸಮಾರಾಧನೆಯೊಂದು ಮಾತ್ರ ಬಾಕಿಯಿರುತ್ತದೆ.

ಬ್ರೆವೆಯು ಪೈಪೋಟಿಯಲ್ಲ ಎಂಬುದು ಅದರ ಮೊದಲ ತತ್ತ್ವ. ಎಲ್ಲರಿಗಿಂತ ಮುಂಚೆ ಬಂದವನಿಗೂ ಗಡುವಿಗೆ ಐದು ನಿಮಿಷವಿರುವಾಗ ಏದುತ್ತ ಬಂದವನಿಗೂ ಸಿಗುವ ಮಾನ್ಯತೆ ಒಂದೇ. ಪಟ್ಟಿಯಲ್ಲಿ ಮೊದಲ ಸ್ಥಾನ, ಎರಡನೆಯ ಸ್ಥಾನ ಎಂಬುದಿಲ್ಲ. ತೀರಾ ಬೇಗ ಬಂದವನಿಗೆ ದಾರಿಯ ತಪಾಸಣೆಯ ಠಾಣೆ, ಅಂದರೆ ಕಂಟ್ರೋಲ್, ತೆರೆದಿರುವುದೂ ಇಲ್ಲ. ಈ ಉದಾತ್ತ ತತ್ತ್ವವನ್ನು ಸವಾರನು ಸಿಕ್ಕಿದವರಿಗೆಲ್ಲ ವಿವರಿಸುತ್ತಾನೆ, ಮತ್ತು ವಿವರಿಸಿದ ಅದೇ ಉಸಿರಿನಲ್ಲಿ, ಮನಸ್ಸಿನಲ್ಲಿ ಬೇರೇನೂ ಇಲ್ಲವೆಂಬಂತೆ, ‘ಅಂದಹಾಗೆ ನೀವು ಹಾಸನ ಎಷ್ಟು ಹೊತ್ತಿಗೆ ದಾಟಿದ್ರಿ?’ ಎಂದು ವಿಚಾರಿಸುತ್ತಾನೆ. ಸವಾರಿಯ ದೂರ, ವೇಗ, ಏರುಗಳನ್ನು ದಾಖಲಿಸಿ ಪರಿಚಿತರಿಗೆಲ್ಲ ತೋರಿಸುವ ಸ್ಟ್ರಾವಾ ಎಂಬ ಆಪ್‌ನಲ್ಲಿ ತನ್ನ ಸವಾರಿಗೆ ‘ಸುಮ್ನೆ ಒಂದು ರೌಂಡು’ ಎಂದು ಹೆಸರಿಟ್ಟಿರುತ್ತಾನೆ. ಅದರ ಕೆಳಗೆ 212 ಕಿಲೋಮೀಟರ್ ಎಂದಿರುತ್ತದೆ.

ಜೋಡಿಯಲ್ಲಿ ಒಬ್ಬನನ್ನು ಲೆಕ್ಕಿಗನೆಂದೂ ಇನ್ನೊಬ್ಬನನ್ನು ಜೊತೆಗಾರನೆಂದೂ ಕರೆಯಬಹುದು. ಲೆಕ್ಕಿಗನು ಸವಾರಿಗೆ ತಿಂಗಳ ಮುಂಚೆಯೇ ಕಂಟ್ರೋಲುಗಳ ಸಮಯವನ್ನು ಕೋಷ್ಟಕ ಮಾಡಿ, ಗಾಳಿಯ ದಿಕ್ಕನ್ನು ನೋಡಿ, ಸೈಕಲಿನ ಬಿಡಿಭಾಗಗಳನ್ನು ಒಂದೊಂದಾಗಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗುವವನು. ಪೈಪೋಟಿಯ ಸೈಕಲ್ 6.8 ಕಿಲೋಗಿಂತ ಹಗುರವಾಗಿರಬಾರದೆಂದು ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ನಿಯಮ ಮಾಡಿದ್ದರೂ ಬ್ರೆವೆಗೆ ಅಂಥ ತಡೆಯಿಲ್ಲವಾದ್ದರಿಂದ ಆತನ ಆಸೆಗೂ ತಡೆಯಿಲ್ಲ. ಸೀಟಿನ ಕಂಬಿಯನ್ನು ಕಾರ್ಬನ್ನಿನದಾಗಿ ಬದಲಿಸಿ ನೂರು ಗ್ರಾಂ ಇಳಿಸಿದ ಈತನು ಬೆಳಗಿನ ತಿಂಡಿಗೆ ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿಯನ್ನು ಏರಿಸಿಕೊಂಡು ಹಾಸನದವರೆಗೂ ಹೊರುತ್ತಾನೆ. ಜೊತೆಗಾರನ ತಯಾರಿ ಶುಕ್ರವಾರ ರಾತ್ರಿ ಹತ್ತಕ್ಕೆ, ‘ನಾಳೆ ಎಷ್ಟು ಗಂಟೆಗೆ ಗುರು?’ ಎಂಬ ಫೋನಿನಿಂದ ಶುರುವಾಗುತ್ತದೆ. ಆತನ ಸೈಕಲ್ ಹಳೆಯದು, ಚೀಲ ದೊಡ್ಡದು. ಆ ಚೀಲದಲ್ಲಿ ಕಡಲೆಮಿಠಾಯಿ, ಓಆರ್‌ಎಸ್ ಪುಡಿ, ಎರಡು ಹೆಚ್ಚಿನ ಟ್ಯೂಬು ಮತ್ತು ಇಡೀ ಜೋಡಿಗೆ ಇರುವ ಒಂದೇ ಪಂಪು ಇರುತ್ತದೆ. ಪಂಪಿನ ತೂಕ ಹೆಚ್ಚೆಂಬ ಕಾರಣಕ್ಕೆ ಲೆಕ್ಕಿಗನು ತನ್ನದನ್ನು ಮನೆಯಲ್ಲಿ ಬಿಟ್ಟಿರುತ್ತಾನೆ.

ಬೆಂಗಳೂರಿನಿಂದ ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಾಟಿ ಇಳಿದು ಉಜಿರೆ ಮುಟ್ಟಿ, ಇಳಿದ ಘಾಟಿಯನ್ನು ಮತ್ತೆ ಹತ್ತಿ ಅದೇ ದಾರಿಯಲ್ಲಿ ವಾಪಸಾದರೆ ಸುಮಾರು 600 ಕಿಲೋಮೀಟರಾಗುತ್ತದೆ. ಮಾದರಿಗಾಗಿ ಈ ದಾರಿಯನ್ನೇ ಇಟ್ಟುಕೊಳ್ಳುವುದು ಅನುಕೂಲ. ಮೊದಲ ನೂರು ಕಿಲೋಮೀಟರಿನಲ್ಲಿ ಹೇಳುವಂಥದ್ದೇನೂ ನಡೆಯುವುದಿಲ್ಲ. ಇಬ್ಬರೂ ಕಚೇರಿಯ ಮೇಲಧಿಕಾರಿಗಳನ್ನು ಬೈದುಕೊಂಡು ಸುಖವಾಗಿ ಸಾಗುತ್ತಾರೆ. ಸ್ವಯಂಸೇವಕರಿಲ್ಲದ ಕಂಟ್ರೋಲುಗಳಲ್ಲಿ ಆ ಊರಿನ ಎಟಿಎಂ ಚೀಟಿಯೇ ಸಾಕ್ಷಿಯಾಗುವುದುಂಟು. ಹೀಗಾಗಿ ಲೆಕ್ಕಿಗನ ಖಾತೆಯಲ್ಲಿ ಉಳಿದಿರುವ ಹಣವೆಷ್ಟು, ಕಾರ್ಬನ್ ಸೈಕಲಿನ ಕಂತು ಇನ್ನೂ ಎಷ್ಟು ಬಾಕಿ ಎಂಬ ಗುಟ್ಟು ಹೆಂಡತಿಗಿಂತ ಮೊದಲು ಜೊತೆಗಾರನಿಗೆ ತಿಳಿದುಹೋಗುತ್ತದೆ.

ಈ ಸವಾರಿಗೆ ನಿಜವಾದ ಪರೀಕ್ಷೆ ಎದುರಾಗುವುದು ಚನ್ನರಾಯಪಟ್ಟಣದಾಚೆಯ ಯಾವುದಾದರೊಂದು ಟೀ ಅಂಗಡಿಯ ಬೆಂಚಿನ ಮೇಲೆ. ಅಲ್ಲಿ ಕೂತಿರುವ ಹಿರಿಯರು ಮೊದಲು ಹೆಲ್ಮೆಟ್ಟನ್ನೂ, ಬಳಿಕ ಮೈಗಂಟಿದ ಜರ್ಸಿಯನ್ನೂ, ಕೊನೆಗೆ ಹಿಂಭಾಗದಲ್ಲಿ ದಪ್ಪನೆಯ ಮೆತ್ತೆ ಹೊಲಿದ ಚಡ್ಡಿಯನ್ನೂ ಸಾವಕಾಶವಾಗಿ ನೋಡಿ ವಿಚಾರಣೆ ಆರಂಭಿಸುತ್ತಾರೆ.

‘ಯಾವ ಕಡೆಯಿಂದ ಸ್ವಾಮಿ?’

‘ಬೆಂಗಳೂರಿಂದ ಯಜಮಾನ್ರೆ. ಉಜಿರೆಗೆ.’

‘ಏನ್ ಕೆಲ್ಸ ಅಲ್ಲಿ?’

‘ಕೆಲ್ಸ ಏನಿಲ್ಲ. ಹೋಗಿ ವಾಪಸ್ ಬರೋದು ಅಷ್ಟೆ.’

‘ಎಷ್ಟು ಕೊಡ್ತಾರೆ?’

‘ಕೊಡಲ್ಲ. ನಾವೇ ಫೀಸು ಕಟ್ಟಿದೀವಿ.’

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಗಡಿಯವನತ್ತ ತಿರುಗಿ, ‘ಇವರ ಟೀ ದುಡ್ಡು ತಗೋಬೇಡ ಕಣಪ್ಪ’ ಎನ್ನುತ್ತಾರೆ. ಹೊರಗಿನ ನೆರವನ್ನು ಕಂಟ್ರೋಲುಗಳಲ್ಲದೆ ನಡುದಾರಿಯಲ್ಲಿ ಪಡೆಯುವಂತಿಲ್ಲವೆಂಬ ನಿಯಮವು ಬಿಟ್ಟಿ ಟೀಗೂ ಅನ್ವಯಿಸುವುದೇ ಎಂದು ಲೆಕ್ಕಿಗನು ಯೋಚಿಸುತ್ತಿರುವಷ್ಟರಲ್ಲಿ ಜೊತೆಗಾರನು ಎರಡನೆಯ ಲೋಟಕ್ಕೆ ಕೈ ಚಾಚಿರುತ್ತಾನೆ.

ಕತ್ತಲಾಗುವ ವೇಳೆಗೆ ಪಂಕ್ಚರ್ ಆಗದಿದ್ದರೆ ಅದು ಬ್ರೆವೆಯೇ ಅಲ್ಲ. ಹೆದ್ದಾರಿಯ ಅಂಚಿನಲ್ಲಿ ಸಿಡಿದ ಲಾರಿ ಟೈರುಗಳಿಂದ ಉದುರಿದ, ಕೂದಲಿನಷ್ಟು ತೆಳುವಾದ ಉಕ್ಕಿನ ತಂತಿಯ ಚೂರುಗಳು ಬಿದ್ದಿರುತ್ತವೆ. ಅಂಥದೊಂದು ಚೂರು ಟೈರಿಗೆ ನೆಟ್ಟರೆ ಗಾಳಿ ಒಮ್ಮೆಗೇ ಹೋಗದೆ ನಿಧಾನವಾಗಿ ಇಳಿಯುತ್ತದೆ. ತಂತಿಯನ್ನು ಕಂಡುಹಿಡಿದು ಕೀಳದೆ ಟ್ಯೂಬನ್ನು ಮಾತ್ರ ಬದಲಿಸಿದವನು ಹತ್ತು ಕಿಲೋಮೀಟರಿನೊಳಗೆ ಇನ್ನೊಂದು ಟ್ಯೂಬನ್ನು ಕಳೆದುಕೊಳ್ಳುತ್ತಾನೆ. ಪಂಕ್ಚರ್ ಹಾಕುವ ವಿಡಿಯೋಗಳನ್ನು ನೋಡಿರುವ ಲೆಕ್ಕಿಗನು ಟಾರ್ಚು ಹಿಡಿದು ಸಲಹೆ ಕೊಡುತ್ತಿರುತ್ತಾನೆ. ಜೊತೆಗಾರನು ರಸ್ತೆಬದಿಯ ಮಣ್ಣಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಟೈರಿನ ಒಳಮೈಗೆ ಬೆರಳಾಡಿಸುತ್ತ, ಬೆರಳಿಗೆ ಚುಚ್ಚಿದ ಜಾಗವನ್ನು ಉಗುರಿನಲ್ಲಿ ಕೆದಕಿ, ಕೊನೆಗೆ ತಂತಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾನೆ. ಕಾರ್ಬನ್ ಬಿಡಿಭಾಗಗಳ ಅಂಗಡಿಯಲ್ಲಿ ಇದಕ್ಕೆ ಇನ್ನೂ ಸಾಧನ ಬಂದಿಲ್ಲ.

ಕೊಟ್ಟಿಗೆಹಾರದ ನೀರ್‌ದೋಸೆ ಹೆಸರಾದದ್ದು. ಅದು ಬಲು ತೆಳುವಾದ್ದರಿಂದ ಎಷ್ಟು ತಿಂದರೂ ತಿಂದಂತಲ್ಲ ಎಂಬುದು ಜೊತೆಗಾರನ ವಾದವಾದರೆ, ಪ್ರತಿ ದೋಸೆಗೂ ಎರಡು ನಿಮಿಷವಾಗುತ್ತಿದೆ ಎಂಬುದು ಲೆಕ್ಕಿಗನ ವಾದ. ಇಲ್ಲಿಂದ ಮುಂದೆ ಮಂಜು, ಕತ್ತಲು, ತಿರುವುಗಳ ಇಳಿಜಾರು. ಕೈಗಳು ಬ್ರೇಕು ಹಿಡಿದೇ ಮರಗಟ್ಟುತ್ತವೆ. ಉಜಿರೆ ಮುಟ್ಟಿದ ಮೇಲೆ ಜೊತೆಗಾರನು ಮುಚ್ಚಿದ ಅಂಗಡಿಯೊಂದರ ಜಗುಲಿಯನ್ನು ಕಂಡು ಸೈಕಲ್ ಒರಗಿಸಿ ಅಡ್ಡಾಗುತ್ತಾನೆ. 600 ಕಿಲೋಮೀಟರಿಗೆ 40 ಗಂಟೆಯೆಂದರೆ ಗಂಟೆಗೆ 15, ಅಂದರೆ ನಿಮಿಷಕ್ಕೆ ಕಾಲು ಕಿಲೋಮೀಟರ್ ಎಂಬ ಲೆಕ್ಕವು ಈ ಹೊತ್ತಿಗೆ ಇಬ್ಬರ ರಕ್ತದಲ್ಲೂ ಬೆರೆತುಹೋಗಿರುವುದರಿಂದ ಅವರ ನಡುವಿನ ಮಾತುಕತೆ ಗಡಿಯಾರವನ್ನು ಬಿಟ್ಟುಬಿಟ್ಟಿರುತ್ತದೆ.

‘ಏಳೋ, ಐದು ಕಿಲೋಮೀಟರ್ ಆಯ್ತು ನೀನು ಮಲಗಿ.’

‘ಇನ್ನೊಂದು ಕಿಲೋಮೀಟರ್ ಮಲಗ್ತೀನಿ, ಬಿಡೋ ಮಾರಾಯಾ.’

ಉಜಿರೆಯಿಂದ ಧರ್ಮಸ್ಥಳ ಸುಮಾರು 9 ಕಿಲೋಮೀಟರ್. ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಬೆಂಗಳೂರು, ಹಾಸನದ ಕಡೆಗಳಿಂದ ಮಂಜುನಾಥನ ದರ್ಶನಕ್ಕೆ ನಡೆದುಹೋಗುವ ಸಾವಿರಾರು ಮಂದಿ ಇದೇ ಚಾರ್ಮಾಡಿಯನ್ನು, ಹಲವರು ಬರಿಗಾಲಿನಲ್ಲೇ, ಇಳಿಯುತ್ತಾರೆ. ಅವರಲ್ಲಿ ಯಾರೂ ತಮ್ಮ ಚೀಲವನ್ನು ಗ್ರಾಂ ಲೆಕ್ಕದಲ್ಲಿ ತೂಗಿದ್ದು ಕೇಳಿಬಂದಿಲ್ಲ. ಮಗನು ಉಜಿರೆಗೆ ಹೊರಟಿದ್ದಾನೆಂದಾಗ ಲೆಕ್ಕಿಗನ ತಾಯಿಯು ಅದನ್ನು ಹರಕೆಯೆಂದೇ ಭಾವಿಸಿ, ಹುಂಡಿಗೆ ಹಾಕಲು ಐನೂರು ರೂಪಾಯಿ ಕೊಟ್ಟಿರುತ್ತಾರೆ. ಆದರೆ ಹೋಗಿಬರಲು ಬೇಕಾದ 18 ಕಿಲೋಮೀಟರ್ ಗೊತ್ತುಪಡಿಸಿದ ದಾರಿಯ ಹೊರಗಿನದು, ಅದು ಲೆಕ್ಕಕ್ಕೆ ಬರುವುದಿಲ್ಲ, ಮೇಲಾಗಿ 72 ನಿಮಿಷ ದಂಡ. ಹೀಗೆಂದು ತಾಯಿಗೆ ವಿವರಿಸಿದ ಲೆಕ್ಕಿಗನು, ‘ಅಷ್ಟು ದೂರ ಹೋಗಿ ದರ್ಶನ ಮಾಡದೆ ಬಂದ್ಯೇನೋ? ಮತ್ತೆ ಹೋಗಿದ್ದಾದರೂ ಯಾಕೆ?’ ಎಂಬ ಪ್ರಶ್ನೆಗೆ ಇದುವರೆಗೆ ಉತ್ತರ ಕೊಟ್ಟಿಲ್ಲ. ಟೀ ಅಂಗಡಿಯ ಹಿರಿಯರು ಕೇಳಿದ್ದೂ ಇದನ್ನೇ ಎಂಬುದನ್ನು ಇಲ್ಲಿ ಗಮನಿಸಬೇಕು. ಜೊತೆಗಾರನು ಮಾತ್ರ ಘಾಟಿ ಹತ್ತುವಾಗ ಅಣ್ಣಪ್ಪಸ್ವಾಮಿಯ ಗುಡಿಯ ಮುಂದೆ ಇಳಿದು ಕೈಮುಗಿದು, ಭಕ್ತಿಗೆ ಅರ್ಧ ನಿಮಿಷವನ್ನೂ ಏದುಸಿರಿಗೆ ಐದು ನಿಮಿಷವನ್ನೂ ಕೊಡುತ್ತಾನೆ.

ಘಾಟಿ ಹತ್ತಿದ ಮೇಲಿನ ದಾರಿಯಲ್ಲಿ ಸ್ನೇಹವು ಹದಗೆಡುತ್ತದೆ. ನಿದ್ದೆಯಿಲ್ಲದ ಮನುಷ್ಯರಿಗೆ ಜಗಳಕ್ಕೆ ವಿಷಯ ಬೇಕಾಗುವುದಿಲ್ಲ. ಬೇಲೂರಿನ ಹತ್ತಿರ ಯಾರು ಮುಂದಿರಬೇಕೆಂಬುದರ ಮೇಲೆ ಶುರುವಾದ ಮಾತು ಎಂದೋ ಯಾರೋ ಮದುವೆಗೆ ಬಾರದಿದ್ದ ವಿಷಯದಲ್ಲಿ ನಿಲ್ಲುತ್ತದೆ. ಮುಂದಿನ ಸವಾರನು ಗಾಳಿಯನ್ನು ಸೀಳುವುದರಿಂದ ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ತುಳಿಯುವವನಿಗೆ ಶ್ರಮ ಕಡಿಮೆ. ಇದನ್ನು ಡ್ರಾಫ್ಟಿಂಗ್ ಎನ್ನುತ್ತಾರೆ. ಹೀಗಾಗಿ ಮುನಿಸಿಕೊಂಡವರೂ ಎದುರುಗಾಳಿಯಲ್ಲಿ ಒಬ್ಬರ ಬೆನ್ನಿಗೊಬ್ಬರು ಒಂದು ಅಡಿ ಅಂತರದಲ್ಲೇ ಇರಬೇಕಾಗುತ್ತದೆ, ಮಾತು ಬಿಟ್ಟು. ಕುಣಿಗಲ್ ಹತ್ತಿರ ಜೊತೆಗಾರನ ಮೊಣಕಾಲು ಕೈಕೊಟ್ಟು, ‘ನೀನು ಹೋಗು ಗುರು, ನಾನು ಡಿಎನ್‌ಎಫ್ ಮಾಡ್ತೀನಿ’ ಎನ್ನುತ್ತಾನೆ. ಸವಾರಿಯನ್ನು ಅರ್ಧಕ್ಕೆ ಬಿಡುವುದಕ್ಕೆ ಹಾಗೆನ್ನುತ್ತಾರೆ. ನಲವತ್ತು ನಿಮಿಷ ಮುಂಚೆ ಹೋಗಿ ಸೇರಬಹುದಾಗಿದ್ದ ಲೆಕ್ಕಿಗನು ‘ಸುಮ್ನೆ ತುಳಿಯೋ’ ಎಂದಷ್ಟೇ ಹೇಳಿ ಮುಂದೆ ಬಂದು ಗಾಳಿಗೆ ಎದೆ ಕೊಡುತ್ತಾನೆ. ವಾರಾಂತ್ಯ ಮುಗಿಸಿ ಊರಿಗೆ ಮರಳುವ ಕಾರುಗಳು ನೆಲಮಂಗಲದಲ್ಲಿ ಗಂಟೆಗಟ್ಟಲೆ ನಿಂತಿರುವಾಗ ಇಬ್ಬರೂ ಅವುಗಳ ಪಕ್ಕದಲ್ಲಿ ತೂರಿಕೊಂಡು ಸಾಗುತ್ತಾರೆ. ಸವಾರಿಯ ಸಮಯ ದಾಖಲಿಸುವ ಇಬ್ಬರ ಬ್ರೆವೆ ಕಾರ್ಡುಗಳ ಮೇಲೂ ಮುಕ್ತಾಯದ ಸಮಯ ಒಂದೇ ನಿಮಿಷದ್ದಾಗಿರುತ್ತದೆ. ಯಾಕೆ ಕಾದೆಯೆಂದು ಕೇಳಿದವರಿಗೆ ಲೆಕ್ಕಿಗನು ಕೊಡುವ ಕಾರಣ ಪಂಪು ಅವನ ಚೀಲದಲ್ಲಿತ್ತು ಎಂಬುದು. ಇದು ಸುಳ್ಳಲ್ಲ.

ಸೋಮವಾರ ಕಚೇರಿಯಲ್ಲಿ ಈ ಸವಾರಿಯು ಎರಡನೆಯ ಬಾರಿ ನಡೆಯುತ್ತದೆ, ಮತ್ತು ಇದಕ್ಕೆ ಕಾಲಮಿತಿಯಿಲ್ಲ. ಕಾಫಿ ಯಂತ್ರದ ಬಳಿ ಸಿಕ್ಕಿಬಿದ್ದ ಸಹೋದ್ಯೋಗಿಯು ಚಾರ್ಮಾಡಿಯನ್ನು ಪ್ರತಿ ತಿರುವಿನ ಸಮೇತ ಹತ್ತಬೇಕಾಗುತ್ತದೆ. ಅದೇ ಹೊತ್ತಿನಲ್ಲಿ ಬೇರೊಂದು ಕಚೇರಿಯಲ್ಲಿ ಜೊತೆಗಾರನು, ವಾರಾಂತ್ಯ ಹೇಗಿತ್ತೆಂದು ಕೇಳಿದವರಿಗೆ ‘ನೀರ್‌ದೋಸೆ ಚೆನ್ನಾಗಿತ್ತು’ ಎಂದು ಹೇಳಿ ಕೆಲಸಕ್ಕೆ ಕೂತಿರುತ್ತಾನೆ.

ಕೆಲವು ತಿಂಗಳಾದ ಮೇಲೆ ಪ್ಯಾರಿಸ್ಸಿನಿಂದ ಪದಕ ಬರುತ್ತದೆ. ಅದು ಪ್ರಶಸ್ತಿಯಾಗಿ ಬರುವುದಲ್ಲ. ಬೇಕೆನ್ನುವವರು ಬೆಲೆ ಕೊಟ್ಟು ತರಿಸಿಕೊಳ್ಳಬೇಕು. ಪದಕಕ್ಕೆ ದುಡ್ಡು ಕೊಡುವುದು ಕನ್ನಡನಾಡಿಗೆ ಹೊಸ ಪದ್ಧತಿಯೇನಲ್ಲ. ಕೊಡುವ ಮುಂಚೆ 600 ಕಿಲೋಮೀಟರ್ ಸೈಕಲ್ ತುಳಿದಿರಬೇಕೆಂಬ ಷರತ್ತು ಮಾತ್ರ ಹೊಸದು, ಮತ್ತು ಆ ಷರತ್ತನ್ನು ನಾಡಿನ ಉಳಿದ ಪ್ರಶಸ್ತಿಗಳಿಗೂ ವಿಸ್ತರಿಸಿದರೆ ತಪ್ಪೇನಿಲ್ಲ.