ಸುರೇಬಾನ ಸಂಪ್ರದಾಯದ ಆಂಗ್ಲ ವ್ಯಾಕರಣ: ಸೂತ್ರ, ವೃತ್ತಿ, ಪ್ರಯೋಗ

ಮಂಗಳಾಚರಣೆ. ಯಾವ ಊರಿನ ಮಗ್ಗುಲ ಕೊಳ್ಳದಲ್ಲಿ ಶಬರಿ ಪ್ರತಿ ಹಣ್ಣನ್ನೂ ತಾನೇ ಕಚ್ಚಿ, ರುಚಿ ನೋಡಿ ರಾಮನಿಗೆ ಕೊಟ್ಟಳೆಂದು ಪ್ರತೀತಿಯೋ, ಆ ಊರಿನ ಆಯಿಯರು ಇಂಗ್ಲಿಷ್ ವಾಕ್ಯವನ್ನೂ ಮೊದಲು ತಮ್ಮ ಬಾಯಲ್ಲಿಟ್ಟು ನೋಡಿಯೇ ಮೊಮ್ಮಕ್ಕಳಿಗೆ ಕೊಡುತ್ತಾರೆ. ಹುಳಿ ಇದ್ದರೆ ಅಲ್ಲೇ ಉಗುಳುವುದು. ವಿದ್ವಾಂಸರು, ಅಂದರೆ ನಾನು, ಇದನ್ನು ಶಬರೀ ಪದ್ಧತಿ ಎನ್ನುತ್ತೇವೆ.

ಆಕ್ಷೇಪ: ರಾಮದುರ್ಗ ತಾಲೂಕಿನ ಕಟ್ಟೆಯ ಮೇಲೆ ಕುಳಿತು ಇಂಗ್ಲಿಷಿಗೆ ವ್ಯಾಕರಣ ಬರೆಯಲು ನಿಮಗೆ ಅಧಿಕಾರ ಕೊಟ್ಟವರಾರು? ಸಮಾಧಾನ: ತನ್ನೂರಲ್ಲಿ ಜೋಡು ಹೊಲಿಯುತ್ತಿದ್ದ ವಿಲಿಯಂ ಕೇರಿ, ಆಮೇಲೆ ಬಂಗಾಳದ ಶ್ರೀರಾಂಪುರಕ್ಕೆ ಬಂದು ಕುಳಿತು, 1817ರಲ್ಲಿ ಕನ್ನಡಕ್ಕೊಂದು ವ್ಯಾಕರಣ ಅಚ್ಚು ಹಾಕಿಸಿದ. ಅವನನ್ನು ನಾವೇನಾದರೂ ಕೇಳಿದೆವೆ? ಇನ್ನು ಸೂತ್ರ ಹೊಸೆದು ಅದಕ್ಕೆ ವೃತ್ತಿಯನ್ನೂ ತಾನೇ ಬರೆದುಕೊಳ್ಳುವ ಸೌಕರ್ಯ 13ನೆಯ ಶತಮಾನದ ಕೇಶಿರಾಜ ಮಾಡಿಕೊಟ್ಟದ್ದು.

ಸೂತ್ರ: ಸಲಿಗೆಗೆ ಇಸ್, ಗೌರವಕ್ಕೆ ಆರ್.

ವೃತ್ತಿ: ನಮ್ಮ ಓಣಿಯ ನಾಲ್ಕನೆಯ ಇಯತ್ತೆಯ ಹುಡುಗನೊಬ್ಬ ‘ಅಜ್ಜ ಇಸ್ ಕಮಿಂಗ್, ಅಜ್ಜಾರು ಆರ್ ಕಮಿಂಗ್’ ಎಂದು ಬರೆದ. ಹಳೇ ಮೈಸೂರಿನ ಓದುಗರ ಅನುಕೂಲಕ್ಕೆ: ಅಜ್ಜ ಅಂದರೆ ಮನೆಯ ಮುದುಕ, ಅಜ್ಜಾರು ಅಂದರೆ ಮಠದ ಸ್ವಾಮಿಗಳು. ಮಾಸ್ತರು ಎರಡನೆಯದರ ಮೇಲೆ ಕೆಂಪು ಗೀಟು ಎಳೆದರು. ಮರುದಿನ ಆಯಿ ಸಾಲಿಗೆ ಹೋದಳು. “ಸ್ವಾಮಿಗೋಳಿಗೆ ಇಸ್ ಹಚ್ಚಿದ್ರ ನಾಳೆ ಮನಿಗೆ ಪಾದಪೂಜಾಕ್ಕ ಬರ್ತಾರೇನ್ರಿ, ಸರ?” ಮಾಸ್ತರು ಉತ್ತರ ಹುಡುಕುತ್ತಿರುವಾಗಲೇ ಹೊರಗಿಂದ ಯಾರೋ ಕೂಗಿದ್ದು ಕೇಳಿತು. ಅವರು ಗಡಬಡಿಸಿ ಎದ್ದು ಮಕ್ಕಳಿಗೆ ಹೇಳಿದರು: “ಕೀಪ್ ಕ್ವೈಟ್! ಹೆಡ್‌ಮಾಸ್ತರ್ರು ಆರ್ ಕಾಲಿಂಗ್ ಮೀ.” ಸೂತ್ರ ಅಲ್ಲಿಗೆ ಸಿದ್ಧವಾಯಿತು.

ಐತಿಹಾಸಿಕ ಪ್ರಮಾಣವೂ ಉಂಟು. ರಾಮದುರ್ಗ 1948ರವರೆಗೆ ಸಂಸ್ಥಾನ. ಬಂದದ್ದು ಒಬ್ಬರೇ ರಾಜರಾದರೂ ಅವರ ಹಿಂದಿನ ಕ್ರಿಯಾಪದ ಹತ್ತು ಮಂದಿಯ ಠೀವಿಯಲ್ಲಿ ಬರಬೇಕಿತ್ತು. ಇಂಗ್ಲಿಷರದ್ದಾದರೂ ಬೇರೆ ಏನು? ಅವರ ‘ಯೂ’ ಮೂಲದಲ್ಲಿ ಬಹುವಚನ; ‘ನೀನು’ ಎಂಬುದಕ್ಕೆ ‘ದೌ’ ಅಂತ ಬೇರೆಯೇ ಇತ್ತು. ಮರ್ಯಾದೆ ಕೊಡುತ್ತ ಕೊಡುತ್ತ ‘ದೌ’ ಸವೆದುಹೋಗಿ ಎಲ್ಲರೂ ‘ನೀವು’ ಆದರು. ಆದ್ದರಿಂದ ಇಂಗ್ಲಿಷಿನಲ್ಲಿ ಎತ್ತನ್ನು ಬೈಯಬೇಕಾದರೂ ‘ಯೂ ಆರ್ ಲೇಜಿ’, ಅಂದರೆ “ನೀವು ಭಾಳ ಮೈಗಳ್ಳ ಅದೀರಿ” ಎನ್ನಬೇಕು. ಎತ್ತಿಗೆ ಸಲ್ಲುವ ಆರ್ ಸ್ವಾಮಿಗಳಿಗೆ ಸಲ್ಲದೆಂಬುದು ಯಾವ ನ್ಯಾಯ?

ಸೂತ್ರ: ಗಾಡಿ ಎಳೆದವನಿಗೆ ‘ಎಸ್’ ಭಾರವಲ್ಲ.

ವೃತ್ತಿ: ಹೋಗತೇನಿ, ಹೋಗತಿ, ಹೋಗತಾನ, ಹೋಗತಾಳ, ಹೋಗತೈತಿ, ಹೋಗತಾವ. ಇಷ್ಟನ್ನು ನಮ್ಮ ಹುಡುಗ ಹಾಲುಹಲ್ಲು ಬೀಳುವ ಮೊದಲೇ, ಪುಸ್ತಕವಿಲ್ಲದೆ ಕಲಿತಿರುತ್ತಾನೆ. ಇಂಗ್ಲಿಷಿನವರು ಇವನ್ನೆಲ್ಲ ಕಿತ್ತೊಗೆದು ಹೀ, ಶೀ, ಇಟ್ ಮೂವರಿಗೂ ಸೇರಿ ಒಂದೇ ಒಂದು ‘ಎಸ್’ ಉಳಿಸಿಕೊಂಡಿದ್ದಾರೆ. ಅದನ್ನೇ ಹುಡುಗ ಮರೆಯುತ್ತಾನೆ. ಯಾಕೆ? ಐದನೆಯ ಇಯತ್ತೆಗೆ ಎಬಿಸಿಡಿ ಶುರುಮಾಡಿದ ತಲೆಮಾರಿನ ಅಜ್ಜ, 2007ರ ನಂತರ ಸರಕಾರಿ ಸಾಲಿಯಲ್ಲಿ ಒಂದನೆಯದರಿಂದಲೇ ಇಂಗ್ಲಿಷ್ ಕಲಿಯುವ ಮೊಮ್ಮಗನಿಗೆ ಕೊಟ್ಟ ವಿವರಣೆ: “ಅಷ್ಟ ಸಣ್ಣ ಸಾಮಾನ ಸಂತ್ಯಾಗ ಕಳದ ಕಳೀತೈತಿ ತಮ್ಮಾ. ಅರಿವ್ಯಾಗ ಗಂಟ ಹಾಕ್ಕೊ.” ಹುಡುಗ ಪೆನ್ಸಿಲಿನ ಬಾಲಕ್ಕೆ ದಾರ ಕಟ್ಟಿಕೊಂಡ. ಈಗ ‘ಐ ಗೋಸ್’ ಎಂದೂ ಬರೆಯುತ್ತಾನೆ.

‘ಎ’, ‘ಆ್ಯನ್’, ‘ದಿ’ಗಳ ಪ್ರಕರಣವನ್ನು ಗೆದ್ದಲು ತಿಂದಿದೆ. ಕನ್ನಡದಲ್ಲಿ ಆ ಪದಾರ್ಥವೇ ಇಲ್ಲವಾದ್ದರಿಂದ ಗೆದ್ದಲಿಗೂ ಜೀರ್ಣವಾಗಿಲ್ಲವೆಂದು ಸುದ್ದಿ.

ಅಪವಾದ. ಒಂದು ಸಂಜೆ ಹುಡುಗ ಒಲೆಯ ಮುಂದೆ ಪಟ್ಟಿ ಹಿಡಿದು ಕುಳಿತು ಕೇಳಿದ: “ಆಯಿ, ದೇವರಿಗೆ ಇಸ್ ಬರೀಲ್ಯೋ, ಆರ್ ಬರೀಲ್ಯೋ?” ಇಡೀ ಶಾಸ್ತ್ರವೇ ಅಲುಗಾಡುವ ಪ್ರಶ್ನೆ. ‘ದೇವರು’ ಶಬ್ದಕ್ಕೆ ಬಹುವಚನದ ಅಂಗಿ. ಆದರೆ ‘ದೇವರು ಅದಾನ’ ಎನ್ನುವಾಗ ಕಾಲಿಗೆ ಏಕವಚನದ ಚಪ್ಪಲಿ.

ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ‘ದೇವರು ಆರ್’, ‘ದೇವರು ಇಸ್’ ಎಂದು ಎರಡನ್ನೂ ಬಾಯಲ್ಲಿ ಹೊರಳಿಸಿ ನೋಡಿದಳು.

“ಇಸ್ ಬರಿ. ದಿನಾ ಅವನ ಕೂಡ ಜಗಳಾಡತೇನಿ, ಅವಂಗ ಎಂಥಾ ಆರ್?”

ಮಾಸ್ತರು ಆ ವಾಕ್ಯಕ್ಕೆ ಪೂರ್ತಿ ಅಂಕ ಕೊಟ್ಟರು.