ನೆರಳನ್ನು ಅನುಮಾನಿಸುವವರಿಗೆ ಒಂದು ಬಹಿರಂಗ ಪತ್ರ

ಚಂದ್ರನ ಮೇಲೆ ಮನುಷ್ಯ ಕಾಲಿಟ್ಟೇ ಇಲ್ಲ ಎನ್ನುವ ಮಿತ್ರರೇ,

ನಿಮ್ಮ ಆಕ್ಷೇಪಗಳಲ್ಲಿ ನೆರಳಿನದ್ದು ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಕಣ್ಣಾರೆ ಕಂಡದ್ದನ್ನೇ ಇಟ್ಟುಕೊಂಡು ಕೇಳಿದ ಪ್ರಶ್ನೆ ಅದು. ಸೂರ್ಯ ಒಬ್ಬನೇ ಆದರೆ ನೆರಳುಗಳು ಸಮಾನಾಂತರವಾಗಿರಬೇಕು, ಚಂದ್ರನ ಮೇಲೆ ತೆಗೆದ ಫೋಟೊದಲ್ಲಿ ಹಾಗಿಲ್ಲ, ಆದ್ದರಿಂದ ಅದು ಸ್ಟುಡಿಯೊ ದೀಪಗಳ ಕೆಲಸ ಎನ್ನುತ್ತೀರಿ.

ಮೊದಲ ಮಾತು ನಿಜ. ಸುಮಾರು 15 ಕೋಟಿ ಕಿಲೋಮೀಟರ್ ದೂರದ ಸೂರ್ಯನ ಬೆಳಕಿಗೆ ಸಮತಟ್ಟಾದ ನೆಲದ ಮೇಲೆ ಬೀಳುವ ನೆರಳುಗಳೆಲ್ಲ ಒಂದೇ ದಿಕ್ಕಿಗೆ ಚಾಚುತ್ತವೆ. ಆದರೆ ನೆಲದ ಮೇಲೆ ಸಮಾನಾಂತರವಾಗಿರುವುದು ಫೋಟೊದಲ್ಲೂ ಹಾಗೆಯೇ ಕಾಣಬೇಕೆಂಬ ನಿಯಮವಿಲ್ಲ.

ನೀವು ಮತ್ತೆ ಮತ್ತೆ ತೋರಿಸುವ ಚಿತ್ರವನ್ನೇ ನೋಡೋಣ. 1971ರ ಫೆಬ್ರವರಿಯಲ್ಲಿ ಅಪೊಲೊ 14ರ ಅಲನ್ ಶೆಪರ್ಡ್ ಮತ್ತು ಎಡ್ಗರ್ ಮಿಚೆಲ್ ಚಂದ್ರನ ಫ್ರಾ ಮೌರೊ ಪ್ರದೇಶದಲ್ಲಿ ಇಳಿದಾಗಿನದು. ದೂರದಲ್ಲಿ ನಿಂತ ನೌಕೆಯ ನೆರಳು ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿದೆ. ಹತ್ತಿರದ ಕಲ್ಲುಗಳ ನೆರಳು ಓರೆಯಾಗಿದೆ. ಕ್ಯಾಮೆರಾ ಇದ್ದದ್ದು ಗಗನಯಾತ್ರಿಯ ಎದೆಯ ಮಟ್ಟದಲ್ಲಿ. ಅಷ್ಟು ಎತ್ತರದಿಂದ ಕಾಲಬುಡದ ನೆಲ ಅಗಲವಾಗಿ ತೆರೆದುಕೊಳ್ಳುತ್ತದೆ, ಅಲ್ಲಿನ ಓರೆ ಓರೆಯಾಗಿಯೇ ಕಾಣುತ್ತದೆ. ದೂರದ ನೆಲ ಹಾಗಲ್ಲ. ಹತ್ತಾರು ಮೀಟರ್ ಉದ್ದದ ಜಾಗ ಫೋಟೊದಲ್ಲಿ ಒಂದು ಸಣ್ಣ ಪಟ್ಟಿಯಷ್ಟಕ್ಕೆ ಕುಗ್ಗುತ್ತದೆ. ಅದರೊಳಗಿನ ನೆರಳೂ ಕುಗ್ಗಿ ಅಡ್ಡಗೆರೆಯಾಗುತ್ತದೆ. ಇದರ ಜೊತೆಗೆ ಫ್ರಾ ಮೌರೊ ಏರುತಗ್ಗಿನ ಜಾಗ. ಕುಳಿಗಳ ಆಳ ಅಂದಾಜಾಗಲೆಂದು ಸೂರ್ಯ ದಿಗಂತದಿಂದ ಹೆಚ್ಚು ಮೇಲೇರದ ಹೊತ್ತನ್ನೇ ನಾಸಾ ಇಳಿಯಲು ಆರಿಸಿತ್ತು. ಹಾಗಾಗಿ ನೆರಳುಗಳು ಉದ್ದ, ಸಣ್ಣ ತಗ್ಗೂ ಅವುಗಳ ದಾರಿ ತಪ್ಪಿಸಬಲ್ಲದು.

ದೀಪಗಳು ಎರಡಿದ್ದರೆ ಪ್ರತಿ ಕಲ್ಲಿಗೂ ಎರಡು ನೆರಳು ಇರಬೇಕಿತ್ತು. ಅಲ್ಲಿರುವುದು ಒಂದೊಂದೇ.

ನನ್ನ ಮಾತನ್ನು ನಂಬಬೇಕಾಗಿಲ್ಲ. ಸಂಜೆ ಬಿಸಿಲು ಇಳಿಯುವಾಗ ಒಂದು ಮೈದಾನಕ್ಕೆ ಹೋಗಿ. ಸೂರ್ಯ ನಿಮ್ಮ ಹಿಂದೆ, ಒಂದು ಪಕ್ಕಕ್ಕಿರಲಿ. ಎರಡು ಹೆಜ್ಜೆ ಮುಂದೆ ಒಂದು ಕೋಲು, ಇಪ್ಪತ್ತು ಹೆಜ್ಜೆ ಆಚೆ ಇನ್ನೊಂದು ಕೋಲು ನೆಡಿ. ಮೊಬೈಲನ್ನು ಎದೆಯ ಮಟ್ಟದಲ್ಲಿ ಹಿಡಿದು ಫೋಟೊ ತೆಗೆಯಿರಿ. ತೆರೆಯ ಮೇಲೆ ಎರಡು ನೆರಳೂ ಬೇರೆ ಬೇರೆ ಕೋನದಲ್ಲಿ ಕಾಣುತ್ತವೆ. ಬಳಿಕ ಪ್ರತಿ ನೆರಳಿನ ಗುಂಟ ದಿಕ್ಸೂಚಿ ಇಟ್ಟು ನೋಡಿ. ಎರಡೂ ಕಡೆ ಮುಳ್ಳಿಗೂ ನೆರಳಿಗೂ ನಡುವಿನ ಕೋನ ಒಂದೇ ಆಗಿರುತ್ತದೆ. ಜೊತೆಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ಈ ಅನುಮಾನ ಅವರ ಕಿವಿಗೂ ಬಿದ್ದಿರುತ್ತದೆ, ಅಳೆದು ನೋಡುವ ಅಭ್ಯಾಸ ಅವರಿಗೆ ಯಾವ ವಾದಕ್ಕಿಂತಲೂ ಹೆಚ್ಚು ನೆರವಾಗುತ್ತದೆ.

ನೇರ ಮೇಲಿನಿಂದ ನೋಡಿದರೆ ಈ ಗೊಂದಲವೇ ಇರುವುದಿಲ್ಲ. 2009ರಲ್ಲಿ ನಾಸಾದ ಲೂನಾರ್ ರಿಕನೈಸನ್ಸ್ ಆರ್ಬಿಟರ್ ಅದೇ ಜಾಗವನ್ನು ಕಕ್ಷೆಯಿಂದ ಚಿತ್ರೀಕರಿಸಿತು. ಶೆಪರ್ಡ್ ಮತ್ತು ಮಿಚೆಲ್ ನಡೆದ ಜಾಡು ಅದರಲ್ಲಿದೆ, ಬಿಟ್ಟುಬಂದ ನೌಕೆಯ ಕೆಳಭಾಗವೂ ಅದರ ನೆರಳೂ ಇವೆ. ಮುಂದಿನ ಸಲ 1971ರ ಫೋಟೊವನ್ನು ಯಾರಿಗಾದರೂ ಕಳಿಸುವಾಗ ಈ ಚಿತ್ರವನ್ನೂ ಜೊತೆಗೆ ಕಳಿಸಿ ಎಂಬುದಷ್ಟೇ ನನ್ನ ಕೋರಿಕೆ.