ಅರ್ಜಿ ರಾಯರು

ಅರ್ಜಿ ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದೀಗ ಅವರ ಗೇಟಿನ ಕಲ್ಲಿನ ಮೇಲೆ, ಪಿಂಚಣಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಚಾಮರಾಜಪುರಂನಲ್ಲಿ ಹಾಲಿನವನಿಂದ ಹಿಡಿದು ಪೇಪರ್ ಹುಡುಗನವರೆಗೆ ಎಲ್ಲರಿಗೂ ಅವರು ಅರ್ಜಿ ರಾಯರೇ. ಮೈಸೂರಿನ ಹಳೇ ಬಡಾವಣೆಗಳಲ್ಲೆಲ್ಲ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಸರಸ್ವತಿಪುರಂಗಳಲ್ಲೂ ಇಂಥವರು ತಲಾ ಒಬ್ಬರಂತೆ ಸಿಗುತ್ತಾರೆ. ನಮ್ಮವರು ಸ್ವಲ್ಪ ಸೀನಿಯರ್.

ಬೆಳಿಗ್ಗೆ ವಾಕಿಂಗ್ ಹೊರಟಾಗ ಅವರ ಕೈಯಲ್ಲೊಂದು ಕೊಡೆ. ಅದು ಮಳೆಗಲ್ಲ, ಅಳತೆಗೆ. ಗುಂಡಿ ಕಂಡಲ್ಲಿ ತುದಿ ಇಳಿಬಿಟ್ಟು ನೋಡುತ್ತಾರೆ: “ಹೋದ ವಾರ ತುದಿ ಮಾತ್ರ ಮುಳುಗ್ತಿತ್ತು, ಈಗ ಬಟ್ಟೆ ಒದ್ದೆಯಾಯ್ತು ನೋಡಿ.” ಮನೆಗೆ ಬಂದು ಕಾಫಿ ಆರುವಷ್ಟರಲ್ಲಿ ಅರ್ಜಿ ಸಿದ್ಧ. ವಿಷಯ, ಉಲ್ಲೇಖ, ಕೊನೆಗೆ ‘ಪ್ರತಿಗಳು’. ಪ್ರತಿಗಳ ಪಟ್ಟಿ ಅರ್ಜಿಗಿಂತ ಉದ್ದ. ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿಕೊಂಡು ಬಂದ ತಮ್ಮ ಪ್ರತಿಯನ್ನು ಮೊಮ್ಮಗಳ ಅಂಕಪಟ್ಟಿಯಂತೆ ದೂರ ಹಿಡಿದು ನೋಡುತ್ತಾರೆ. ಗುಂಡಿ ಮುಚ್ಚುವುದು ಆಮೇಲಿನ ಮಾತು. ಸೀಲು ನೀಟಾಗಿ ಬಿದ್ದಿರಬೇಕು.

ಫುಟ್‌ಪಾತ್ ಒತ್ತುವರಿಯ ಮೇಲೂ ಬರೆದಿದ್ದಾರೆ, ಖಾರವಾಗಿಯೇ. ಅವರ ಗೇಟಿನ ಮುಂದಿನ ಸಿಮೆಂಟು ಇಳಿಜಾರು ಮಾತ್ರ ಫುಟ್‌ಪಾತನ್ನು ದಾಟಿ ರಸ್ತೆಗೇ ಇಳಿದಿದೆ. ಕೇಳಿದರೆ, “ಅದು ಒತ್ತುವರಿ ಅಲ್ಲ ಸ್ವಾಮಿ, ಸ್ಕೂಟರಿಂದು.”

ಅವರ ಮಹಾಕೃತಿ ಎಂದರೆ ಕನ್ಸರ್ವೆನ್ಸಿಯ ಚಪ್ಪಡಿ. ಮನೆಗಳ ಹಿತ್ತಿಲುಗಳ ನಡುವೆ ಬಿಟ್ಟ ಓಣಿಗೆ ನಾವು ಕನ್ಸರ್ವೆನ್ಸಿ ಅನ್ನುವುದು. ಅಲ್ಲಿನ ಮೋರಿಯ ಚಪ್ಪಡಿಯೊಂದು ಮುರಿದು ಮಾಯವಾಗಿತ್ತು. ರಾಯರು ಬರೆದರು. ‘ಸ್ಥಳ ಪರಿಶೀಲಿಸಲಾಗಿ, ಸದರಿ ಚಪ್ಪಡಿಯು ಸ್ಥಳದಲ್ಲಿ ಕಂಡುಬಂದಿರುವುದಿಲ್ಲ’ ಎಂದು ಹಿಂಬರಹ ಬಂತು. “ಕಂಡುಬಂದಿಲ್ಲ ಅಂತಲೇ ಅಲ್ವೇ ನನ್ನ ದೂರು!” ಎಂದು ರಾಯರು ಮತ್ತೆ ಬರೆದರು. ಅದಕ್ಕೆ ಬಂದ ಉತ್ತರ ಚಾಮರಾಜನಗರ ಸುತ್ತಿಕೊಂಡು ತಿಂಗಳ ಮೇಲೆ ಕೈ ಸೇರಿತು. ರಾಯರಿಗೆ ಬೇಸರವಿಲ್ಲ: “ನಮ್ಮ ಸ್ಟೇಷನ್ನಿನಲ್ಲಿ ಇಳಿಯೋದು ಮರೆತರೆ ರೈಲೂ ಅಲ್ಲಿಗೇ ತಾನೇ ಹೋಗೋದು?”

ಆದರೆ ರಾಯರನ್ನು ನೋಡಬೇಕಿದ್ದುದು ವಾರ್ಡಿನ ಸಭೆಯಲ್ಲಿ. ಪಾರ್ಕಿನಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ನಡುವೆ ಕಾರ್ಪೊರೇಟರ್, ಪಕ್ಕದಲ್ಲಿ ವಾಚು ನೋಡುವ ಇಂಜಿನಿಯರು. “ಎರಡೇ ನಿಮಿಷ” ಎಂದು ರಾಯರು ಮೈಕು ಹಿಡಿದರೆ ಅನುಭವಸ್ಥರು ಕುರ್ಚಿಗೆ ಒರಗಿ ಕೂರುತ್ತಿದ್ದರು. ಚಪ್ಪಡಿಯ ಕಥೆ ಶುರುವಾಗುತ್ತಿದ್ದುದೇ ಪ್ಲೇಗಿನಿಂದ. ಪ್ಲೇಗಿನ ಮೇಲೆ ಊರಿಗೆ ಗಾಳಿ ಬೆಳಕು ಬರಲಿ ಎಂದು 1903ರಲ್ಲಿ ಟ್ರಸ್ಟ್ ಬೋರ್ಡ್ ಮಾಡಿದ್ದು, ಅಗಲವಾದ ರಸ್ತೆ ಬಿಡಿಸಿದ್ದು, ಮಹಾರಾಜರು, ದಿವಾನರು, ಎಲ್ಲರೂ ಬಂದು ಹೋಗಬೇಕಿತ್ತು.

“ರಾಯರೇ, ನಮ್ಮನೇಲಿ ನಾಲ್ಕು ದಿನದಿಂದ ನೀರಿಲ್ಲ, ನೀವಿನ್ನೂ ಪ್ಲೇಗಿನಲ್ಲೇ ಇದೀರಲ್ಲ!” ಮುಂದಿನ ಸಾಲಿನ ಅಜ್ಜಿಯ ಗದರಿಕೆ.

“ಬಂದೆ, ಬಂದೆ. 2015ಕ್ಕೆ ಬಂದೆ,” ಎಂದು ರಾಯರು ಒಂದೇ ನೆಗೆತಕ್ಕೆ ನೂರು ವರ್ಷ ದಾಟುತ್ತಿದ್ದರು. “ದೇಶದಲ್ಲೇ ಸ್ವಚ್ಛ ನಗರ ಅಂತ ಮೈಸೂರಿಗೆ ಮೊದಲ ಸ್ಥಾನ ಬಂತು, ಮರುವರ್ಷವೂ ಬಂತು. ಸಂತೋಷ. ಪರೀಕ್ಷೆ ಮಾಡೋಕೆ ಬಂದವರು ಮನೆ ಮುಂದೆ ನಡೆದರೋ, ಹಿಂದೆ ನಡೆದರೋ, ಅದಷ್ಟು ಹೇಳಿ.”

ಕೊನೆಗೆ ಅವರ ವಾರ್ಷಿಕ ಬೇಡಿಕೆ: “ದಸರಾ ಬಂದರೆ ಅರಮನೆಯಿಂದ ಬನ್ನಿಮಂಟಪದವರೆಗೆ ರಸ್ತೆ ಕನ್ನಡಿ ಆಗುತ್ತೆ. ನಮಗೆ ಅಂಬಾರಿ ಬೇಡ, ಬ್ಯಾಂಡೂ ಬೇಡ. ಒಂದೇ ಒಂದು ಆನೆಯನ್ನ ನಮ್ಮ ರಸ್ತೆಯಲ್ಲಿ ನಡೆಸ್ತೀವಿ ಅಂತ ಪೇಪರಿನಲ್ಲಿ ಹಾಕಿಸಿ. ಆನೆ ಬರದಿದ್ದರೂ ಚಿಂತೆಯಿಲ್ಲ, ಡಾಂಬರು ಬರುತ್ತೆ.”

ಚಪ್ಪಾಳೆಯ ನಡುವೆ ಕಾರ್ಪೊರೇಟರ್ ಸುಸ್ತಾಗಿ, “ಬರೆದುಕೊಡಿ ಸಾರ್” ಅಂದುಬಿಡುತ್ತಿದ್ದರು. ಬೇರೆಯವರಾದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ರಾಯರ ಚೀಲದಿಂದ ಮೂರು ಪ್ರತಿ ಹೊರಬರುತ್ತಿದ್ದವು.

2023ರ ನವೆಂಬರಿನಲ್ಲಿ ನಗರದ 65 ವಾರ್ಡುಗಳ ಸದಸ್ಯರ ಅವಧಿ ಮುಗಿಯಿತು. ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿ ಬಂದರು. ರಾಯರು ಗೆಲುವಾಗಬಹುದು ಅಂದುಕೊಂಡಿದ್ದೆವು, ಇಳಿದು ಹೋದರು. “ಅಧಿಕಾರಿಗಳಿಗೆ ಬರೀಬಹುದು ಸ್ವಾಮಿ, ಜಗಳ ಆಡೋಕಾಗುತ್ತಾ? ನಮ್ಮ ಓಟು ತಗೊಂಡವನು ಹಾಲಿನ ಬೂತಿನ ಹತ್ತಿರ ಸಿಗ್ತಿದ್ದ, ಅಲ್ಲೇ ತಡೆದು ಕೇಳ್ತಿದ್ದೆ. ಅವನೂ ದಾರಿ ಬದಲಾಯಿಸ್ತಿದ್ದ. ಈಗ ತಪ್ಪಿಸಿಕೊಂಡು ಓಡೋಕೂ ಒಬ್ಬರಿಲ್ಲ.”

ಮರುವರ್ಷ ಒಂದು ಸಂಜೆ ಆ ಮಾಜಿ ಸದಸ್ಯರೇ ರಾಯರ ಗೇಟು ತೆಗೆದರು. ಅವರ ಮನೆ ಮುಂದೆಯೇ ಮ್ಯಾನ್‌ಹೋಲ್ ಉಕ್ಕುತ್ತಿತ್ತು. “ಫೋನ್ ಮಾಡಿದರೆ ಯಾರೂ ಎತ್ತಲ್ಲ ಸಾರ್. ನೀವೊಂದು ಬರೆದುಕೊಟ್ಟರೆ...”

ರಾಯರು ಕನ್ನಡಕ ಒರೆಸಿಕೊಂಡರು. ಕಾಫಿ ತರಿಸಿದರು. ವಿಷಯ, ಉಲ್ಲೇಖ ಎಲ್ಲ ಸರಾಗವಾಗಿ ಇಳಿದವು. ಪ್ರತಿಗಳ ಪಟ್ಟಿಯಲ್ಲಿ ಕೈ ಹಳೇ ಅಭ್ಯಾಸದಲ್ಲಿ ‘ಮಾನ್ಯ ವಾರ್ಡ್ ಸದಸ್ಯರು’ ಎಂದು ಬರೆದೇಬಿಟ್ಟಿತು. ತಲೆಯೆತ್ತಿ ಎದುರಿಗಿದ್ದವರನ್ನು ನೋಡಿದರು. ಹೊಡೆದುಹಾಕಲಿಲ್ಲ. ಒಂದು ಪ್ರತಿ ಮುಂದೆ ಚಾಚಿ, “ಸೀಲು ಇಲ್ಲದಿದ್ದರೆ ಬೇಡ. ತಲುಪಿದೆ ಅಂತ ಒಂದು ಸೈನ್ ಹಾಕಿ,” ಎಂದರು.

ಮಾಜಿ ಸದಸ್ಯರು ಸೈನ್ ಹಾಕಿದರು, ತಾರೀಖಿನ ಸಮೇತ.